ವಾಹಕತೆ ಮತ್ತು ಸೆಲ್ ವಿಭವ: ಎಲೆಕ್ಟ್ರೋಕೆಮಿಸ್ಟ್ರಿ ಲೆಕ್ಕಗಳನ್ನು ತಪ್ಪಿಲ್ಲದೆ ಬಿಡಿಸುವ ಬಗೆ

ದ್ವಿತೀಯ ಪಿಯುಸಿಯ ಎಲೆಕ್ಟ್ರೋಕೆಮಿಸ್ಟ್ರಿ ಅಧ್ಯಾಯದಲ್ಲಿ ಲೆಕ್ಕಕ್ಕೆ ಬೇಕಾದ ಸೂತ್ರಗಳು ಬೆರಳೆಣಿಕೆಯಷ್ಟು ಮಾತ್ರ. ಅವುಗಳನ್ನು ಬಾಯಿಪಾಠ ಮಾಡಿದವರೂ ಅಂಕ ಕಳೆದುಕೊಳ್ಳುತ್ತಾರೆ, ಮತ್ತು ಕಳೆದುಕೊಳ್ಳುವ ಜಾಗಗಳು ಹೆಚ್ಚುಕಡಿಮೆ ಎರಡೇ. ವಾಹಕತೆಯ ಲೆಕ್ಕ ಯೂನಿಟ್‌ನಲ್ಲಿ ಕೆಡುತ್ತದೆ. ಸೆಲ್ ವಿಭವದ ಲೆಕ್ಕ, ಯಾವುದನ್ನು ಗುಣಿಸಬೇಕು, ಯಾವುದನ್ನು ಗುಣಿಸಬಾರದು ಎಂಬಲ್ಲಿ ಕೆಡುತ್ತದೆ. ಇವೆರಡನ್ನೂ ಲೆಕ್ಕ ಶುರುವಾಗುವ ಮೊದಲೇ ಇತ್ಯರ್ಥ ಮಾಡಿಕೊಂಡರೆ ಉಳಿದದ್ದು ಭಾಗಾಕಾರ, ಗುಣಾಕಾರ ಅಷ್ಟೇ. ಪ್ರತಿ ಉತ್ತರಕ್ಕೂ ಅದು ಬರಬೇಕಾದ ಒಂದು ವ್ಯಾಪ್ತಿ ಇರುತ್ತದೆ. ಆ ವ್ಯಾಪ್ತಿ ಗೊತ್ತಿದ್ದರೆ ನಿಮ್ಮ ತಪ್ಪನ್ನು ಮೌಲ್ಯಮಾಪಕರಿಗಿಂತ ಮೊದಲು ನೀವೇ ಹಿಡಿಯಬಹುದು.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಪಿಯು ಪರೀಕ್ಷೆಯಲ್ಲಿ ಲಾಗ್ ಟೇಬಲ್ ಮತ್ತು ಸಾದಾ ಕ್ಯಾಲ್ಕುಲೇಟರ್ ಬಳಸಬಹುದು, ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲ. ಸಿಇಟಿಯಲ್ಲಿ ಯಾವ ಕ್ಯಾಲ್ಕುಲೇಟರೂ ಇಲ್ಲ. ಆದ್ದರಿಂದ ಈ ನಾಲ್ಕು ಲಾಗ್ ಬೆಲೆಗಳು ನಾಲಿಗೆಯ ತುದಿಯಲ್ಲಿರಲಿ: 2ಕ್ಕೆ 0.3010, 3ಕ್ಕೆ 0.4771, 5ಕ್ಕೆ 0.6990, 7ಕ್ಕೆ 0.8451. 4, 6, 8, 9 ಇವುಗಳಿಂದಲೇ ಹುಟ್ಟುತ್ತವೆ.

ಫ್ಯಾರಡೆ ಸ್ಥಿರಾಂಕ ಒಂದು ಮೋಲ್ ಎಲೆಕ್ಟ್ರಾನಿಗೆ 96485 ಕೂಲಂ. ಹಳೆಯ ಪುಸ್ತಕಗಳಲ್ಲಿ 96487 ಇರುತ್ತದೆ, ಬಾಯಿಲೆಕ್ಕಕ್ಕೆ 96500 ಸಾಕು. ದ್ರಾವಣಗಳ ಸಾರತೆಯಿಂದ ಸೆಲ್ ವಿಭವ ಕಂಡುಹಿಡಿಯುವ ನೆರ್ನ್‌ಸ್ಟ್ ಸಮೀಕರಣದ 0.0591 ವೋಲ್ಟ್ ಎನ್ನುವುದು 2.303 × ಆರ್ × ಟಿ ÷ ಎಫ್ ಎಂಬುದರ 298 ಕೆಲ್ವಿನ್‌ನ ಬೆಲೆ (ಆರ್ ಅನಿಲ ಸ್ಥಿರಾಂಕ, ಟಿ ಉಷ್ಣತೆ, ಎಫ್ ಫ್ಯಾರಡೆ ಸ್ಥಿರಾಂಕ). ಪ್ರಶ್ನೆಯಲ್ಲಿ ಬೇರೆ ಉಷ್ಣತೆ ಕೊಟ್ಟಿದ್ದರೆ ಈ ಸಂಖ್ಯೆಯೂ ಬದಲಾಗುತ್ತದೆ, ಕಣ್ಣುಮುಚ್ಚಿ 0.0591 ಹಾಕಬೇಡಿ.

ವಾಹಕತೆ: ನಾಲ್ಕು ರಾಶಿಗಳು, ಒಂದೇ ಸರಪಳಿ

ವಾಹಕತೆಯ ಲೆಕ್ಕವೆಲ್ಲ ಒಂದೇ ದಾರಿಯಲ್ಲಿ ಸಾಗುತ್ತದೆ. ಅಳೆಯುವುದು ರೋಧವನ್ನು, ಅಂದರೆ ರೆಸಿಸ್ಟೆನ್ಸ್, ಓಮ್‌ನಲ್ಲಿ. ಅದನ್ನು ತಿರುಗಿಸಿದರೆ ಕಂಡಕ್ಟೆನ್ಸ್, ಸೀಮೆನ್ಸ್‌ನಲ್ಲಿ. ಅದನ್ನು ಸೆಲ್ ಸ್ಥಿರಾಂಕದಿಂದ ಗುಣಿಸಿದರೆ ವಾಹಕತೆ, ಅಂದರೆ ಕಪ್ಪಾ. ಅದನ್ನು ಸಾರತೆಯಿಂದ, ಅಂದರೆ ಒಂದು ಲೀಟರಿನಲ್ಲಿ ಎಷ್ಟು ಮೋಲ್ ವಸ್ತು ಇದೆ ಎಂಬುದರಿಂದ, ಭಾಗಿಸಿದರೆ ಮೋಲಾರ್ ವಾಹಕತೆ, ಅಂದರೆ ಲ್ಯಾಂಬ್ಡಾ.

ಕಪ್ಪಾ = ಸೆಲ್ ಸ್ಥಿರಾಂಕ ÷ ರೋಧ
ಸೆಲ್ ಸ್ಥಿರಾಂಕ = ಎಲೆಕ್ಟ್ರೋಡ್‌ಗಳ ನಡುವಿನ ಅಂತರ ÷ ಅಡ್ಡಕೊಯ್ತದ ವಿಸ್ತೀರ್ಣ
ಮೋಲಾರ್ ವಾಹಕತೆ = 1000 × ಕಪ್ಪಾ ÷ ಸಾರತೆ

ಕೊನೆಯ ಸೂತ್ರದ ಆ 1000 ಎಲ್ಲರನ್ನೂ ಕಾಡುತ್ತದೆ. ಅದರಲ್ಲಿ ಗುಟ್ಟೇನಿಲ್ಲ. ಕಪ್ಪಾ ಸೆಂಟಿಮೀಟರಿನಲ್ಲಿದೆ, ಸಾರತೆ ಲೀಟರಿನಲ್ಲಿದೆ, ಒಂದು ಲೀಟರಿಗೆ 1000 ಘನ ಸೆಂಟಿಮೀಟರ್. ಕಪ್ಪಾ ಮೀಟರಿನಲ್ಲಿದ್ದರೆ ಅದೇ 1000 ಕೆಳಗೆ ಹೋಗುತ್ತದೆ, ಏಕೆಂದರೆ ಒಂದು ಘನ ಮೀಟರಿಗೆ 1000 ಲೀಟರ್. ಅಂದರೆ 0.01 ಮೋಲಾರ್ ದ್ರಾವಣ ಘನ ಮೀಟರಿಗೆ 10 ಮೋಲ್. ಎರಡೂ ದಾರಿ ಸರಿ, ಎರಡನ್ನೂ ಬೆರೆಸುವುದು ತಪ್ಪು.

ನಮ್ಮ ಸಲಹೆ ಇಷ್ಟೇ: ಪ್ರಶ್ನೆ ಓದಿದ ಕೂಡಲೇ ಎಲ್ಲವನ್ನೂ ಸೆಂಟಿಮೀಟರಿಗೆ ತನ್ನಿ. ಸೀಮೆನ್ಸ್/ಮೀಟರ್ ಕೊಟ್ಟಿದ್ದರೆ 100ರಿಂದ ಭಾಗಿಸಿ ಸೀಮೆನ್ಸ್/ಸೆಂ.ಮೀ. ಮಾಡಿ. ಸೆಲ್ ಸ್ಥಿರಾಂಕ "ಪ್ರತಿ ಮೀಟರಿಗೆ" ಎಂದಿದ್ದರೆ ಅದನ್ನೂ 100ರಿಂದ ಭಾಗಿಸಿ. ಸೆಂಟಿಮೀಟರ್ ಏಕೆ ಅಂದರೆ, ಕೋಷ್ಟಕಗಳಲ್ಲಿ ಮೋಲಾರ್ ವಾಹಕತೆಯ ಬೆಲೆಗಳು ಬಹುಪಾಲು ಸೀಮೆನ್ಸ್·ಸೆಂ.ಮೀ.²/ಮೋಲ್‌ನಲ್ಲೇ ಇರುತ್ತವೆ. ಉತ್ತರ ಬಂದೊಡನೆ ಹೋಲಿಸಿ ನೋಡಬಹುದು.

ಮೊದಲ ಲೆಕ್ಕ: ಒಂದು ವಾಹಕತಾ ಸೆಲ್‌ನಲ್ಲಿ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದಾಗ ರೋಧ 85 ಓಮ್. ಅದೇ ಸೆಲ್‌ನಲ್ಲಿ 0.01 ಮೋಲಾರ್ ಸೋಡಿಯಂ ಕ್ಲೋರೈಡ್ ತುಂಬಿದಾಗ 925 ಓಮ್. 298 ಕೆಲ್ವಿನ್‌ನಲ್ಲಿ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನ ವಾಹಕತೆ 1.29 ಸೀಮೆನ್ಸ್/ಮೀಟರ್. ಸೋಡಿಯಂ ಕ್ಲೋರೈಡಿನ ಮೋಲಾರ್ ವಾಹಕತೆ ಎಷ್ಟು?

ಹಂತ 1. ಯೂನಿಟ್ ಬದಲಿಸಿ: 1.29 ಸೀಮೆನ್ಸ್/ಮೀಟರ್ ಅಂದರೆ 0.0129 ಸೀಮೆನ್ಸ್/ಸೆಂ.ಮೀ.

ಹಂತ 2. ಸೆಲ್ ಸ್ಥಿರಾಂಕ = ಕಪ್ಪಾ × ರೋಧ = 0.0129 × 85 = 1.0965, ಪ್ರತಿ ಸೆಂ.ಮೀ.ಗೆ. ಪಿಯು ಪ್ರಯೋಗಾಲಯದ ಸೆಲ್‌ಗಳ ಸ್ಥಿರಾಂಕ ಸಾಮಾನ್ಯವಾಗಿ 1ರ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ 109 ಅಥವಾ 0.01 ಬಂದಿದ್ದರೆ ಮುಂದೆ ಹೋಗದೆ ಯೂನಿಟ್ ನೋಡಿ.

ಹಂತ 3. ಸೋಡಿಯಂ ಕ್ಲೋರೈಡಿನ ಕಪ್ಪಾ = 1.0965 ÷ 925 = 1.185 × 10⁻³ ಸೀಮೆನ್ಸ್/ಸೆಂ.ಮೀ.

ಹಂತ 4. ಮೋಲಾರ್ ವಾಹಕತೆ = 1000 × 1.185 × 10⁻³ ÷ 0.01 = 118.5 ಸೀಮೆನ್ಸ್·ಸೆಂ.ಮೀ.²/ಮೋಲ್.

ಹಂತ 5, ಬಹಳ ಜನ ಬಿಟ್ಟುಬಿಡುವ ಹಂತ. ಸೋಡಿಯಂ ಕ್ಲೋರೈಡಿನ ಗರಿಷ್ಠ ಮೋಲಾರ್ ವಾಹಕತೆ, ಅಂದರೆ ಲ್ಯಾಂಬ್ಡಾ ನಾಟ್, 126.4. ನಮ್ಮ ಉತ್ತರ ಅದಕ್ಕಿಂತ ಸ್ವಲ್ಪ ಕಡಿಮೆ. ಹಾಗೆಯೇ ಇರಬೇಕು. ಸಾಮಾನ್ಯ ಪ್ರಬಲ ಲವಣಗಳಿಗೆ, ಎರಡೂ ಅಯಾನುಗಳ ಆವೇಶ ಒಂದೊಂದೇ ಆಗಿದ್ದಾಗ, ಈ ಸಂಖ್ಯೆ ಸುಮಾರು 90ರಿಂದ 150ರ ಒಳಗೆ ಸಿಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಮಾತ್ರ 426ರವರೆಗೂ ಹೋಗುತ್ತದೆ, ಏಕೆಂದರೆ ಹೈಡ್ರೋಜನ್ ಅಯಾನು ಒಂದೇ 349.6ರಷ್ಟು ಕೊಡುಗೆ ಕೊಡುತ್ತದೆ. ಒಂದು ಲವಣಕ್ಕೆ 11850 ಅಥವಾ 1.185 ಬಂದರೆ ರಸಾಯನಶಾಸ್ತ್ರ ತಪ್ಪಿಲ್ಲ, ಮೀಟರ್ ಮತ್ತು ಸೆಂಟಿಮೀಟರ್ ಬೆರೆತಿವೆ. ಉತ್ತರವನ್ನು ಮೀಟರಿನಲ್ಲೇ ಕೇಳಿದ್ದರೆ ಕೊನೆಯಲ್ಲಿ 10⁴ರಿಂದ ಭಾಗಿಸಿ: 1.185 × 10⁻² ಸೀಮೆನ್ಸ್·ಮೀ.²/ಮೋಲ್.

ಕೆಲವು ಪ್ರಶ್ನೆಗಳಲ್ಲಿ ಸೆಲ್ ಸ್ಥಿರಾಂಕದ ಬದಲು ಕೊಳವೆಯ ಉದ್ದ ಮತ್ತು ವ್ಯಾಸ ಕೊಡುತ್ತಾರೆ. ಅಲ್ಲಿ ತಪ್ಪುವುದು ಒಂದೇ ಕಡೆ: ವ್ಯಾಸವನ್ನು ಅರ್ಧ ಮಾಡದೆ ವರ್ಗ ಮಾಡುವುದು. ಹಾಗೆ ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟು ಹೆಚ್ಚುತ್ತದೆ, ವಾಹಕತೆ ಕಾಲು ಭಾಗಕ್ಕೆ ಇಳಿಯುತ್ತದೆ.

ಪೊಟ್ಯಾಸಿಯಂ ಕ್ಲೋರೈಡನ್ನೇ ಏಕೆ ಬಳಸುತ್ತಾರೆ? ಅದರ ವಾಹಕತೆಯನ್ನು ಬೇರೆಬೇರೆ ಸಾರತೆ ಮತ್ತು ಉಷ್ಣತೆಗಳಲ್ಲಿ ಬಹಳ ನಿಖರವಾಗಿ ಅಳೆದಿಟ್ಟಿದ್ದಾರೆ. ಪ್ರಯೋಗಾಲಯದ ಕಂಡಕ್ಟಿವಿಟಿ ಮೀಟರನ್ನು ಸರಿಹೊಂದಿಸಲು ಬಳಸುವ 1413 ಮೈಕ್ರೋಸೀಮೆನ್ಸ್/ಸೆಂ.ಮೀ. ದ್ರಾವಣ ಬೇರೇನಲ್ಲ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇಕಡ 2ರಷ್ಟು ಏರುತ್ತದೆ. ಪ್ರಶ್ನೆಯಲ್ಲಿ "298 ಕೆಲ್ವಿನ್‌ನಲ್ಲಿ" ಎಂಬ ಮಾತು ಸುಮ್ಮನೆ ಬಂದಿರುವುದಿಲ್ಲ. ಅಳೆಯುವಾಗ ಎಸಿ ವಿದ್ಯುತ್ತನ್ನೇ ಹರಿಸುವುದಕ್ಕೂ ಕಾರಣವಿದೆ. ಡಿಸಿ ಹರಿಸಿದರೆ ಎಲೆಕ್ಟ್ರೋಡ್‌ಗಳಲ್ಲಿ ರಾಸಾಯನಿಕ ಕ್ರಿಯೆ ನಡೆದು ದ್ರಾವಣವೇ ಬದಲಾಗುತ್ತದೆ, ಅಳೆಯಬೇಕಾದ ವಸ್ತುವೇ ಕೈತಪ್ಪುತ್ತದೆ.

ತೆಳು ಮಾಡಿದಾಗ ಏರುವುದೇನು, ಇಳಿಯುವುದೇನು

ಒಂದು ಅಂಕದ ಪ್ರಶ್ನೆಯಾಗಿ ಮತ್ತೆಮತ್ತೆ ಬರುವ ವಿಷಯ ಇದು. ದ್ರಾವಣಕ್ಕೆ ನೀರು ಸೇರಿಸಿದರೆ ಕಪ್ಪಾ ಇಳಿಯುತ್ತದೆ, ಏಕೆಂದರೆ ಒಂದು ಘನ ಸೆಂಟಿಮೀಟರಿನಲ್ಲಿರುವ ಅಯಾನುಗಳು ಕಡಿಮೆಯಾಗುತ್ತವೆ. ಮೋಲಾರ್ ವಾಹಕತೆ ಏರುತ್ತದೆ, ಏಕೆಂದರೆ ಅಲ್ಲಿ ನಾವು ಎಣಿಸುತ್ತಿರುವುದು ಪೂರ್ತಿ ಒಂದು ಮೋಲ್ ವಸ್ತುವನ್ನು. ನೀರಿನಲ್ಲಿ ಪೂರ್ತಿ ಅಯಾನುಗಳಾಗಿ ಒಡೆಯುವ ಪ್ರಬಲ ಎಲೆಕ್ಟ್ರೋಲೈಟ್‌ನಲ್ಲಿ ಅಯಾನುಗಳು ಒಂದನ್ನೊಂದು ಎಳೆಯುವುದು ಕಡಿಮೆಯಾಗಿ ಲ್ಯಾಂಬ್ಡಾ ಮೆಲ್ಲನೆ ಏರುತ್ತದೆ. ಸಾರತೆಯ ವರ್ಗಮೂಲದ ಎದುರು ಗ್ರಾಫ್ ಎಳೆದರೆ ತೆಳು ದ್ರಾವಣಗಳಲ್ಲಿ ನೇರ ಗೆರೆ ಬರುತ್ತದೆ, ಅದನ್ನು ಸೊನ್ನೆಯವರೆಗೆ ಎಳೆದರೆ ಲ್ಯಾಂಬ್ಡಾ ನಾಟ್ ಸಿಗುತ್ತದೆ. ದುರ್ಬಲ ಎಲೆಕ್ಟ್ರೋಲೈಟ್‌ನಲ್ಲಿ ಏರಿಕೆಗೆ ಕಾರಣವೇ ಬೇರೆ, ಅಲ್ಲಿ ಹೆಚ್ಚುಹೆಚ್ಚು ಅಣುಗಳು ಒಡೆದು ಅಯಾನುಗಳಾಗುತ್ತವೆ. ಗೆರೆ ಸೊನ್ನೆಯ ಹತ್ತಿರ ಕಡಿದಾಗಿ ಮೇಲೇರುವುದರಿಂದ ಗ್ರಾಫ್‌ನಿಂದ ಲ್ಯಾಂಬ್ಡಾ ನಾಟ್ ಓದಲಾಗದು. ಕೋಲ್ರಾಶ್ ನಿಯಮ ಬೇಕಾಗುವುದು ಇಲ್ಲೇ.

ಕೋಲ್ರಾಶ್ ನಿಯಮದ ಲೆಕ್ಕಗಳು

ನಿಯಮ ಸರಳ: ಅನಂತವಾಗಿ ತೆಳುವಾದ ದ್ರಾವಣದಲ್ಲಿ ಪ್ರತಿ ಅಯಾನೂ ತನ್ನ ಪಾಲನ್ನು ಸ್ವತಂತ್ರವಾಗಿ ಕೊಡುತ್ತದೆ. 298 ಕೆಲ್ವಿನ್‌ನಲ್ಲಿ ಸೋಡಿಯಂ 50.1, ಪೊಟ್ಯಾಸಿಯಂ 73.5, ಕ್ಯಾಲ್ಸಿಯಂ 119.0, ಕ್ಲೋರೈಡ್ 76.3, ಅಸಿಟೇಟ್ 40.9, ಹೈಡ್ರಾಕ್ಸೈಡ್ 199.1. ಕ್ಯಾಲ್ಸಿಯಂ ಕ್ಲೋರೈಡಿಗೆ 119.0 + 2 × 76.3 = 271.6. ಕ್ಲೋರೈಡ್ ಎರಡಿದೆ ಎಂಬುದನ್ನು ಮರೆತರೆ 195.3 ಬರುತ್ತದೆ.

ಅಯಾನುಗಳ ಬೆಲೆ ಕೊಡದೆ ಲವಣಗಳ ಬೆಲೆ ಕೊಟ್ಟಾಗ ಹೀಗೆ ಮಾಡಿ. ಬೇಕಾದ ವಸ್ತುವಿನ ಎರಡು ಅಯಾನುಗಳನ್ನು ಬರೆಯಿರಿ. ಆ ಅಯಾನುಗಳಿರುವ ಎರಡು ವಸ್ತುಗಳನ್ನು ಕೂಡಿಸಿ. ಹೆಚ್ಚಾಗಿ ಬಂದ ಅಯಾನುಗಳು ಸೇರಿ ಆಗುವ ಲವಣವನ್ನು ಕಳೆಯಿರಿ. ಅಸಿಟಿಕ್ ಆಮ್ಲಕ್ಕೆ ಹೈಡ್ರೋಕ್ಲೋರಿಕ್ ಆಮ್ಲ + ಸೋಡಿಯಂ ಅಸಿಟೇಟ್ − ಸೋಡಿಯಂ ಕ್ಲೋರೈಡ್. ಅಂದರೆ 425.9 + 91.0 − 126.4 = 390.5. ಬೇರಿಯಂ ಸಲ್ಫೇಟ್ ಕೇಳಿದರೆ ಸಲ್ಫ್ಯೂರಿಕ್ ಆಮ್ಲ + ಬೇರಿಯಂ ಕ್ಲೋರೈಡ್ − 2 × ಹೈಡ್ರೋಕ್ಲೋರಿಕ್ ಆಮ್ಲ. ಅಲ್ಲಿನ 2 ಮರೆತರೆ ಒಂದು ಹೈಡ್ರೋಜನ್, ಒಂದು ಕ್ಲೋರೈಡ್ ಲೆಕ್ಕದಲ್ಲೇ ಉಳಿದುಬಿಡುತ್ತವೆ, ಉತ್ತರ 426ರಷ್ಟು ಹೆಚ್ಚಾಗುತ್ತದೆ. ಕೂಡಿ ಕಳೆದ ಮೇಲೆ ಎಡಬಲದ ಅಯಾನುಗಳು ಸರಿದೂಗುತ್ತವೆಯೇ ಎಂದು ಒಮ್ಮೆ ಬೆರಳಿಟ್ಟು ನೋಡಿ.

ಎರಡನೆಯ ಲೆಕ್ಕ: 0.01 ಮೋಲಾರ್ ಅಸಿಟಿಕ್ ಆಮ್ಲದ ವಾಹಕತೆ 1.62 × 10⁻⁴ ಸೀಮೆನ್ಸ್/ಸೆಂ.ಮೀ. ವಿಯೋಜನ ಪ್ರಮಾಣ ಮತ್ತು ವಿಯೋಜನ ಸ್ಥಿರಾಂಕ ಎಷ್ಟು?

ಮೋಲಾರ್ ವಾಹಕತೆ = 1000 × 1.62 × 10⁻⁴ ÷ 0.01 = 16.2.

ವಿಯೋಜನ ಪ್ರಮಾಣ ಆಲ್ಫಾ, ಅಂದರೆ ಅಯಾನುಗಳಾಗಿ ಒಡೆದ ಭಾಗ = ಮೋಲಾರ್ ವಾಹಕತೆ ÷ ಲ್ಯಾಂಬ್ಡಾ ನಾಟ್ = 16.2 ÷ 390.5 = 0.0415. ಇದು ಯಾವತ್ತೂ 0 ಮತ್ತು 1ರ ನಡುವೆಯೇ ಇರಬೇಕು. 1ಕ್ಕಿಂತ ಹೆಚ್ಚು ಬಂದರೆ ಭಾಗಾಕಾರ ತಲೆಕೆಳಗಾಗಿದೆ ಅಥವಾ ಯೂನಿಟ್ ಕೆಟ್ಟಿದೆ.

ವಿಯೋಜನ ಸ್ಥಿರಾಂಕ = ಸಾರತೆ × ಆಲ್ಫಾ² ÷ (1 − ಆಲ್ಫಾ) = 0.01 × 0.001722 ÷ 0.9585 = 1.80 × 10⁻⁵.

ಕೆಳಗಿನ (1 − ಆಲ್ಫಾ) ಅನ್ನು ಬಿಟ್ಟುಬಿಡಬಹುದೇ ಎಂದು ಕೇಳುವವರು ಹೆಚ್ಚು. ಇಲ್ಲಿ ಬಿಟ್ಟರೆ 1.72 × 10⁻⁵ ಬರುತ್ತದೆ, ಶೇಕಡ 4ರಷ್ಟು ಕಡಿಮೆ. ಅದೇ ಆಮ್ಲವನ್ನು 0.001 ಮೋಲಾರ್‌ಗೆ ತೆಳು ಮಾಡಿದರೆ ಆಲ್ಫಾ ಸುಮಾರು 0.125ಕ್ಕೆ ಏರುತ್ತದೆ. ಆಗ ಬಿಟ್ಟರೆ 1.56 × 10⁻⁵, ಇಟ್ಟರೆ 1.79 × 10⁻⁵. ತೆಳುವಾದಷ್ಟೂ ಆ ಉಪಾಯ ಕೈಕೊಡುತ್ತದೆ. ವಾಹಕತೆಯ ಲೆಕ್ಕದಲ್ಲಿ ಆಲ್ಫಾ ನಿಮ್ಮ ಕೈಯಲ್ಲೇ ಇರುವಾಗ ಅದನ್ನು ಬಿಡಲು ಕಾರಣವೇ ಇಲ್ಲ. ಯಾವಾಗಲೂ ಇಟ್ಟೇ ಮಾಡಿ.

ಮೂರನೆಯ ಲೆಕ್ಕ, ಕರಗದ ಲವಣದ್ದು: ಸಿಲ್ವರ್ ಕ್ಲೋರೈಡಿನ ಸಂತೃಪ್ತ ದ್ರಾವಣದ ವಾಹಕತೆ 3.41 × 10⁻⁶ ಸೀಮೆನ್ಸ್/ಸೆಂ.ಮೀ., ಬಳಸಿದ ನೀರಿನದು 1.60 × 10⁻⁶. ಲ್ಯಾಂಬ್ಡಾ ನಾಟ್ 138.2.

ಮೊದಲು ನೀರಿನ ಪಾಲನ್ನು ಕಳೆಯಬೇಕು: 1.81 × 10⁻⁶. ದ್ರಾವಣ ಎಷ್ಟು ತೆಳು ಅಂದರೆ ಅದರ ಮೋಲಾರ್ ವಾಹಕತೆಯನ್ನೇ ಲ್ಯಾಂಬ್ಡಾ ನಾಟ್ ಎಂದು ತೆಗೆದುಕೊಳ್ಳಬಹುದು. ಕರಗಿದ ಪ್ರಮಾಣ = 1000 × 1.81 × 10⁻⁶ ÷ 138.2 = 1.31 × 10⁻⁵ ಮೋಲಾರ್. ಕೆ-ಎಸ್‌ಪಿ, ಅಂದರೆ ಸಂತೃಪ್ತ ದ್ರಾವಣದಲ್ಲಿ ಎರಡೂ ಅಯಾನುಗಳ ಸಾರತೆಯ ಗುಣಲಬ್ಧ, ಅದರ ವರ್ಗ, 1.7 × 10⁻¹⁰. ನೀರನ್ನು ಕಳೆಯದಿದ್ದರೆ 6.1 × 10⁻¹⁰ ಬರುತ್ತಿತ್ತು, ಮೂರೂವರೆ ಪಟ್ಟು ಹೆಚ್ಚು. ಉಪ್ಪಿನ ದ್ರಾವಣದಲ್ಲಿ ನೀರಿನ ವಾಹಕತೆಯನ್ನು ಲೆಕ್ಕಿಸಬೇಕಿಲ್ಲ, ಇಲ್ಲಿ ಮಾತ್ರ ಅದು ಅರ್ಧದಷ್ಟಿದೆ. ಈ 1.7 × 10⁻¹⁰ ಅನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಸೆಲ್ ವಿಭವ: ಗುಣಿಸುವುದು, ಗುಣಿಸದಿರುವುದು

ಸೆಲ್ ಲೆಕ್ಕದಲ್ಲಿ ಮೊದಲ ಕೆಲಸ ಆನೋಡ್ ಯಾವುದು, ಕ್ಯಾಥೋಡ್ ಯಾವುದು ಎಂದು ಗುರುತಿಸುವುದು. ಎರಡು ಎಲೆಕ್ಟ್ರೋಡ್‌ಗಳ ಪ್ರಮಾಣಿತ ಅಪಕರ್ಷಣ ವಿಭವ, ಅಂದರೆ ಇ ನಾಟ್, ನೋಡಿ. ಹೆಚ್ಚಿನ ಬೆಲೆಯದು ಕ್ಯಾಥೋಡ್, ಅಲ್ಲಿ ಅಪಕರ್ಷಣ, ಅಂದರೆ ಎಲೆಕ್ಟ್ರಾನ್ ಪಡೆಯುವುದು, ನಡೆಯುತ್ತದೆ. ಕಡಿಮೆಯದು ಆನೋಡ್, ಅಲ್ಲಿ ಉತ್ಕರ್ಷಣ, ಅಂದರೆ ಎಲೆಕ್ಟ್ರಾನ್ ಬಿಡುವುದು. ಸೆಲ್ ಸಂಕೇತವನ್ನೇ ಕೊಟ್ಟಿದ್ದರೆ ಯೋಚಿಸಬೇಕಿಲ್ಲ, ಎಡಗಡೆಯದು ಆನೋಡ್, ಬಲಗಡೆಯದು ಕ್ಯಾಥೋಡ್.

ಸೆಲ್‌ನ ಇ ನಾಟ್ = ಕ್ಯಾಥೋಡ್‌ನ ಇ ನಾಟ್ − ಆನೋಡ್‌ನ ಇ ನಾಟ್

ಎರಡೂ ಅಪಕರ್ಷಣ ವಿಭವಗಳೇ, ಕೋಷ್ಟಕದಲ್ಲಿ ಇದ್ದ ಚಿಹ್ನೆಯಲ್ಲೇ. ಆನೋಡ್‌ನ ಚಿಹ್ನೆಯನ್ನು ಮೊದಲು ತಿರುಗಿಸಿ, ಆಮೇಲೆ ಈ ಸೂತ್ರದಲ್ಲಿ ಮತ್ತೆ ಕಳೆದರೆ ಎರಡು ಸಲ ತಿರುಗಿಸಿದಂತಾಗುತ್ತದೆ. ಅತಿ ಸಾಮಾನ್ಯವಾದ ತಪ್ಪು ಇದೇ.

ನಾಲ್ಕನೆಯ ಲೆಕ್ಕ: ಸತು | ಸತುವಿನ ಅಯಾನು (0.1 ಮೋಲಾರ್) || ಬೆಳ್ಳಿಯ ಅಯಾನು (0.01 ಮೋಲಾರ್) | ಬೆಳ್ಳಿ. ಇ ನಾಟ್: ಸತುವಿಗೆ −0.76, ಬೆಳ್ಳಿಗೆ +0.80 ವೋಲ್ಟ್. 298 ಕೆಲ್ವಿನ್‌ನಲ್ಲಿ ಸೆಲ್‌ನ ಇಎಂಎಫ್, ಅಂದರೆ ಈ ಸಾರತೆಗಳಲ್ಲಿ ಸಿಗುವ ಸೆಲ್ ವಿಭವ, ಎಷ್ಟು?

ಹಂತ 1. ಅರ್ಧ ಕ್ರಿಯೆಗಳು. ಸತು ಎರಡು ಎಲೆಕ್ಟ್ರಾನ್ ಬಿಟ್ಟು ಅಯಾನಾಗುತ್ತದೆ. ಬೆಳ್ಳಿಯ ಅಯಾನು ಒಂದು ಎಲೆಕ್ಟ್ರಾನ್ ಪಡೆದು ಲೋಹವಾಗುತ್ತದೆ.

ಹಂತ 2. ಎಲೆಕ್ಟ್ರಾನ್ ಸರಿದೂಗಿಸಿ. ಬೆಳ್ಳಿಯ ಕ್ರಿಯೆಯನ್ನು 2ರಿಂದ ಗುಣಿಸಿ. ಒಟ್ಟು ಕ್ರಿಯೆ: ಸತು + 2 ಬೆಳ್ಳಿ ಅಯಾನು → ಸತು ಅಯಾನು + 2 ಬೆಳ್ಳಿ. ಎನ್, ಅಂದರೆ ಕೈಬದಲಾದ ಎಲೆಕ್ಟ್ರಾನ್‌ಗಳ ಸಂಖ್ಯೆ = 2.

ಹಂತ 3. ಸೆಲ್‌ನ ಇ ನಾಟ್ = 0.80 − (−0.76) = 1.56 ವೋಲ್ಟ್. ಕ್ರಿಯೆಯನ್ನು 2ರಿಂದ ಗುಣಿಸಿದ್ದೇವೆ, ವಿಭವವನ್ನು ಗುಣಿಸಿಲ್ಲ. ಗುಣಿಸಿದ್ದರೆ 2.36 ಬರುತ್ತಿತ್ತು. ಒಂದೇ ಬಿಸಿಯ ಎರಡು ಲೋಟ ನೀರನ್ನು ಸೇರಿಸಿದರೆ ನೀರು ಎರಡರಷ್ಟಾಗುತ್ತದೆ, ಬಿಸಿ ಎರಡರಷ್ಟಾಗುವುದಿಲ್ಲ. ವಿಭವವೂ ಹಾಗೆ: ಅದು ಪ್ರತಿ ಕೂಲಂ ಆವೇಶಕ್ಕೆ ಸಿಗುವ ಶಕ್ತಿ, ಎಷ್ಟು ಮೋಲ್ ಎಂಬುದನ್ನು ಅವಲಂಬಿಸಿಲ್ಲ.

ಹಂತ 4. ಕ್ಯೂ, ಅಂದರೆ ಕ್ರಿಯೆಯ ಸಾರತೆಗಳ ಅನುಪಾತ, ಬರೆಯಿರಿ: ಉತ್ಪನ್ನದ ಸಾರತೆ ಮೇಲೆ, ಪ್ರತಿವರ್ತಕದ್ದು ಕೆಳಗೆ, ಸಮೀಕರಣದ ಗುಣಕವನ್ನು ಘಾತವಾಗಿ ಹಾಕಿ. ಘನ ಲೋಹಗಳಿಗೆ 1. ಕ್ಯೂ = 0.1 ÷ (0.01)² = 1000. ಇಲ್ಲಿ 2 ಬಂತು, ಘಾತವಾಗಿ. ಮೂರನೆಯ ಹಂತದಲ್ಲಿ ಬರದ 2 ಇಲ್ಲಿ ಬರಲೇಬೇಕು.

ಹಂತ 5. ನೆರ್ನ್‌ಸ್ಟ್ ಸಮೀಕರಣ: ಇಎಂಎಫ್ = ಇ ನಾಟ್ − (0.0591 ÷ ಎನ್) × ಲಾಗ್ ಕ್ಯೂ = 1.56 − 0.02955 × 3 = 1.56 − 0.0887 = 1.47 ವೋಲ್ಟ್.

ಇದೇ ಲೆಕ್ಕದಲ್ಲಿ ವರ್ಗ ಮರೆತರೆ ಕ್ಯೂ 10 ಆಗಿ 1.53 ಬರುತ್ತದೆ. ಎನ್ 1 ಎಂದುಕೊಂಡರೆ 1.38. ಮೂರೂ ನೋಡಲು ಒಪ್ಪುವಂಥ ಉತ್ತರಗಳೇ, ಸಿಇಟಿಯ ಆಯ್ಕೆಗಳಲ್ಲಿ ಇಂಥವೇ ಪಕ್ಕಪಕ್ಕ ಕೂತಿರುತ್ತವೆ. ಆದ್ದರಿಂದ ಉತ್ತರವನ್ನು ನೋಡಿ ಒಪ್ಪುವ ಬದಲು ಹಂತಗಳನ್ನೇ ನಂಬಿ.

ಪರೀಕ್ಷಿಸಲು ಒಂದು ಅಂದಾಜು ಉಪಯೋಗಕ್ಕೆ ಬರುತ್ತದೆ. ಕ್ಯೂ ಹತ್ತು ಪಟ್ಟು ಏರಿದರೆ ಎನ್ 1 ಇದ್ದಾಗ ಇಎಂಎಫ್ 59 ಮಿಲಿವೋಲ್ಟ್ ಇಳಿಯುತ್ತದೆ, ಎನ್ 2 ಇದ್ದಾಗ ಸುಮಾರು 30. ಸಾಮಾನ್ಯ ಸಾರತೆಗಳಲ್ಲಿ ಇಎಂಎಫ್ ಇ ನಾಟ್‌ನ ಅಕ್ಕಪಕ್ಕದಲ್ಲೇ ಇರುತ್ತದೆ, ಅರ್ಧ ವೋಲ್ಟ್ ಆಚೆ ಹಾರುವುದಿಲ್ಲ. ಕ್ಯೂ 1ಕ್ಕಿಂತ ಹೆಚ್ಚಿದ್ದರೆ ಇಎಂಎಫ್ ಇ ನಾಟ್‌ಗಿಂತ ಕಡಿಮೆ, 1ಕ್ಕಿಂತ ಕಡಿಮೆ ಇದ್ದರೆ ಹೆಚ್ಚು. ಇದಕ್ಕೆ ವಿರುದ್ಧವಾಗಿ ಬಂದರೆ ಲಾಗ್‌ನ ಚಿಹ್ನೆ ತಪ್ಪಿದೆ.

ಎರಡೂ ಕಡೆ ಒಂದೇ ಲೋಹ, ಬೇರೆ ಸಾರತೆ ಇದ್ದರೆ ಅದು ಸಾಂದ್ರತಾ ಸೆಲ್. ಇ ನಾಟ್ ಸೊನ್ನೆ. ಬೆಳ್ಳಿಯ ಅಯಾನು ಆನೋಡ್‌ನಲ್ಲಿ 0.001, ಕ್ಯಾಥೋಡ್‌ನಲ್ಲಿ 0.1 ಮೋಲಾರ್ ಇದ್ದರೆ ಇಎಂಎಫ್ 0.0591 × 2 = 0.118 ವೋಲ್ಟ್.

ಹೈಡ್ರೋಜನ್ ಅಯಾನು ಸಮೀಕರಣದಲ್ಲಿದ್ದರೆ ಅದರ ಗುಣಕದ ಮೇಲೆ ವಿಶೇಷ ಗಮನವಿರಲಿ. ಹೈಡ್ರೋಜನ್ ಎಲೆಕ್ಟ್ರೋಡ್‌ನ ವಿಭವ, ಅನಿಲದ ಒತ್ತಡ 1 ಬಾರ್ ಇದ್ದಾಗ, −0.0591 × ಪಿಎಚ್. ಪಿಎಚ್ 10ಕ್ಕೆ −0.591 ವೋಲ್ಟ್. ಪರ್ಮಾಂಗನೇಟ್ ಮ್ಯಾಂಗನಸ್ ಆಗುವ ಕ್ರಿಯೆಯಲ್ಲಿ 8 ಹೈಡ್ರೋಜನ್ ಅಯಾನು, 5 ಎಲೆಕ್ಟ್ರಾನ್. ಅಂದರೆ ಪಿಎಚ್ ಒಂದು ಏರಿದರೆ ವಿಭವ 0.0591 × 8 ÷ 5 = 0.0946 ವೋಲ್ಟ್ ಇಳಿಯುತ್ತದೆ. ಪಿಎಚ್ 0ಯಲ್ಲಿ 1.51 ಇದ್ದದ್ದು, ಬೇರೆಲ್ಲ ಸಾರತೆ ಹಾಗೆಯೇ ಇದ್ದರೆ, ಪಿಎಚ್ 3ರಲ್ಲಿ 1.23. ಪರ್ಮಾಂಗನೇಟ್ ಟೈಟ್ರೇಶನ್‌ನಲ್ಲಿ ಸಲ್ಫ್ಯೂರಿಕ್ ಆಮ್ಲವನ್ನು ಧಾರಾಳವಾಗಿ ಹಾಕುವುದಕ್ಕೆ ಇದೂ ಒಂದು ಕಾರಣ.

ವಿಭವವನ್ನು ಕೂಡಬಾರದು, ಶಕ್ತಿಯನ್ನು ಕೂಡಿ

ಕಬ್ಬಿಣದ ಫೆರಿಕ್ ಅಯಾನಿನಿಂದ (ಆವೇಶ +3) ಫೆರಸ್‌ಗೆ (ಆವೇಶ +2) ಇ ನಾಟ್ 0.77, ಫೆರಸ್‌ನಿಂದ ಕಬ್ಬಿಣಕ್ಕೆ −0.44. ಫೆರಿಕ್‌ನಿಂದ ನೇರ ಕಬ್ಬಿಣಕ್ಕೆ ಎಷ್ಟು? 0.77 − 0.44 = 0.33 ಎಂದು ಬರೆಯುವವರು ಬಹಳ. ಅದು ತಪ್ಪು, ಚಿಹ್ನೆಯೂ ಸೇರಿ. ಎರಡು ಅರ್ಧ ಕ್ರಿಯೆ ಸೇರಿ ಪೂರ್ತಿ ಸೆಲ್ ಆದಾಗ ಎಲೆಕ್ಟ್ರಾನ್‌ಗಳು ಸಂಪೂರ್ಣ ಕಳೆದುಹೋಗುತ್ತವೆ, ಆಗ ವಿಭವಗಳನ್ನು ನೇರವಾಗಿ ಕಳೆಯಬಹುದು. ಇಲ್ಲಿ ಎರಡು ಅರ್ಧ ಕ್ರಿಯೆ ಸೇರಿ ಇನ್ನೊಂದು ಅರ್ಧ ಕ್ರಿಯೆ ಆಗುತ್ತಿದೆ. ಆಗ ಕೂಡಬೇಕಾದದ್ದು ಗಿಬ್ಸ್ ಶಕ್ತಿಯನ್ನು, ಅಂದರೆ ಎನ್ × ಇ ನಾಟ್ ಅನ್ನು:

(1 × 0.77 + 2 × (−0.44)) ÷ 3 = −0.11 ÷ 3 = −0.037 ವೋಲ್ಟ್.

ಗಿಬ್ಸ್ ಶಕ್ತಿ = −ಎನ್ × ಎಫ್ × ಇಎಂಎಫ್. ಇದರಲ್ಲಿ ಎನ್ ಇದೆ, ಆದ್ದರಿಂದ ಕ್ರಿಯೆಯನ್ನು ಗುಣಿಸಿದರೆ ಇದೂ ಗುಣಿಸಿಕೊಳ್ಳುತ್ತದೆ. ನಮ್ಮ ಸತು–ಬೆಳ್ಳಿ ಸೆಲ್‌ಗೆ ಪ್ರಮಾಣಿತ ಗಿಬ್ಸ್ ಶಕ್ತಿ −2 × 96485 × 1.56 = −301033 ಜೂಲ್, ಅಂದರೆ −301 ಕಿಲೋಜೂಲ್. ಜೂಲ್‌ನಿಂದ ಕಿಲೋಜೂಲ್‌ಗೆ ತರುವುದನ್ನೂ ಋಣ ಚಿಹ್ನೆಯನ್ನೂ ಉತ್ತರದ ಸಾಲಿನಲ್ಲಿ ಮರೆಯಬೇಡಿ. ಇಎಂಎಫ್ ಧನವಾಗಿದ್ದರೆ ಗಿಬ್ಸ್ ಶಕ್ತಿ ಋಣ, ಕ್ರಿಯೆ ತಾನಾಗಿ ನಡೆಯುತ್ತದೆ.

ತಿರುಗುಮುರುಗು ಲೆಕ್ಕ ಮತ್ತು ಆಂಟಿಲಾಗ್

ಸತು–ತಾಮ್ರದ ಡೇನಿಯಲ್ ಸೆಲ್‌ನಲ್ಲಿ ಸತುವಿನ ಅಯಾನು 1 ಮೋಲಾರ್, ಇಎಂಎಫ್ 1.01 ವೋಲ್ಟ್, ಇ ನಾಟ್ 1.10. ತಾಮ್ರದ ಅಯಾನಿನ ಸಾರತೆ ಎಷ್ಟು?

1.10 − 1.01 = 0.09 = 0.02955 × ಲಾಗ್ (1 ÷ ಸಾರತೆ). ಆದ್ದರಿಂದ ಲಾಗ್ (1 ÷ ಸಾರತೆ) = 3.046, ಅಂದರೆ ಸಾರತೆಯ ಲಾಗ್ −3.046.

ಎಡವುವುದು ಇಲ್ಲಿ. ಆಂಟಿಲಾಗ್ ಟೇಬಲ್‌ನಲ್ಲಿ ಋಣ ಭಿನ್ನರಾಶಿಗೆ ಜಾಗವಿಲ್ಲ. −3.046 ಅನ್ನು −4 + 0.954 ಎಂದು ಬರೆಯಿರಿ. 0.954ರ ಆಂಟಿಲಾಗ್ 9.0. ಉತ್ತರ 9.0 × 10⁻⁴ ಮೋಲಾರ್. ನೇರವಾಗಿ 0.046 ನೋಡಿ 1.11 × 10⁻³ ಬರೆದವರ ಉತ್ತರ ಹತ್ತಿರವೇ ಕಾಣುತ್ತದೆ, ಆದರೆ ತಪ್ಪು.

ಸಮತೋಲನ ಸ್ಥಿರಾಂಕ

ಸೆಲ್ ಪೂರ್ತಿ ಇಳಿದಾಗ ಇಎಂಎಫ್ ಸೊನ್ನೆ, ಕ್ಯೂ ಎಂಬುದೇ ಸಮತೋಲನ ಸ್ಥಿರಾಂಕ ಕೆ ಆಗಿರುತ್ತದೆ. ಲಾಗ್ ಕೆ = ಎನ್ × ಇ ನಾಟ್ ÷ 0.0591. ಇ ನಾಟ್ ಸೊನ್ನೆಯಾಗುತ್ತದೆ ಎಂದು ಬರೆಯಬೇಡಿ, ಸೊನ್ನೆಯಾಗುವುದು ಇಎಂಎಫ್ ಮಾತ್ರ. ಸತು–ಬೆಳ್ಳಿಗೆ 3.12 ÷ 0.0591 = 52.79, ಕೆ = 6.2 × 10⁵². ಕೆಲವು ಗೈಡ್‌ಗಳಲ್ಲಿ ಇದೇ ಲೆಕ್ಕಕ್ಕೆ 5.5 × 10⁵² ಇರಬಹುದು. ಅವರು 0.05916 ಬಳಸಿರುತ್ತಾರೆ, ಅಷ್ಟೇ. ಘಾತದಲ್ಲಿ ಕೂತ ಸಂಖ್ಯೆ ಚೂರು ಅಲುಗಿದರೂ ಉತ್ತರ ಬಹಳ ಅಲುಗುತ್ತದೆ. ಎನ್ 2 ಇರುವಾಗ ಇ ನಾಟ್‌ನಲ್ಲಿ 0.01 ವೋಲ್ಟ್ ವ್ಯತ್ಯಾಸವಾದರೆ ಕೆ ಎರಡು ಪಟ್ಟಿಗಿಂತ ಹೆಚ್ಚು ಬದಲಾಗುತ್ತದೆ. ಆದ್ದರಿಂದ ಮೊದಲ ಅಂಕಿ ಪುಸ್ತಕದೊಂದಿಗೆ ಹೊಂದದಿದ್ದರೆ ಗಾಬರಿಯಾಗಬೇಡಿ, ಘಾತ ಹೊಂದಬೇಕು.

ಇದೇ ದಾರಿಯಲ್ಲಿ ಸಿಲ್ವರ್ ಕ್ಲೋರೈಡಿನ ಕೆ-ಎಸ್‌ಪಿಯನ್ನೂ ಪಡೆಯಬಹುದು. ಕ್ಯಾಥೋಡ್ ಆಗಿ ಸಿಲ್ವರ್–ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್, ಇ ನಾಟ್ 0.22. ಆನೋಡ್ ಆಗಿ ಬರಿಯ ಬೆಳ್ಳಿ, 0.80. ಎರಡೂ ಸೇರಿದರೆ ಸಿಗುವ ಒಟ್ಟು ಕ್ರಿಯೆ, ಸಿಲ್ವರ್ ಕ್ಲೋರೈಡ್ ಕರಗಿ ಅಯಾನುಗಳಾಗುವುದು. ಎನ್ = 1.

ಇ ನಾಟ್ = 0.22 − 0.80 = −0.58 ವೋಲ್ಟ್. ಋಣ ಬಂತೆಂದು ಕ್ಯಾಥೋಡ್, ಆನೋಡ್ ಅದಲುಬದಲು ಮಾಡಬೇಡಿ. ಈ ಲವಣ ಕರಗಲು ಒಲ್ಲದು, ಆದ್ದರಿಂದ ಋಣವೇ ಬರಬೇಕು. ಲಾಗ್ = −0.58 ÷ 0.0591 = −9.81, ಅಂದರೆ −10 + 0.19. ಕೆ-ಎಸ್‌ಪಿ = 1.5 × 10⁻¹⁰.

ವಾಹಕತೆಯ ಲೆಕ್ಕದಲ್ಲಿ ಸಿಕ್ಕಿದ್ದು 1.7 × 10⁻¹⁰. ವಿಭವಗಳನ್ನು ಎರಡು ದಶಮಾಂಶಕ್ಕೆ ಮೊಟಕು ಮಾಡದೆ 0.2223 ಮತ್ತು 0.7996 ತೆಗೆದುಕೊಂಡು, 0.05916ರಿಂದ ಭಾಗಿಸಿ ನೋಡಿ: −0.5773 ÷ 0.05916 = −9.758, ಆಂಟಿಲಾಗ್ 1.7 × 10⁻¹⁰.